ಮೂರು ಕ್ರೋಮೋಸೋಮ್, ಒಂದೂವರೆ ಪಟ್ಟು ಪ್ರೊಟೀನ್?

(ಕಲಬುರಗಿಯ ಬಯೋಟೆಕ್ ಹಳೇ ದೋಸ್ತರ ವಾಟ್ಸಾಪ್ ಗುಂಪು)

ಶರಣು: [ಫಾರ್ವರ್ಡ್ ಚಿತ್ರ: "ಕ್ಯಾನ್ಸರ್ ಕೋಶದಲ್ಲಿ ಕ್ರೋಮೋಸೋಮ್ 2ರ ಬದಲು 3 ಆದರೆ ಅದರ ಎಲ್ಲಾ ಪ್ರೊಟೀನ್ 1.5 ಪಟ್ಟು"]
ನಾಳಿ ಕ್ಲಾಸಿನಾಗ ತೋರಸ್ತೀನಿ. ಛಲೋ ಅದ.

ಮಹಾದೇವಿ: ತೋರಸಬ್ಯಾಡ ತಮ್ಮಾ. "ಎಲ್ಲಾ" ಅನ್ನೋದೇ ತಪ್ಪು. ಆರ್‌ಎನ್‌ಎ (ಜೀನಿನ ನಕಲು) 1.5 ಪಟ್ಟಿನ ಆಸುಪಾಸು ಬರ್ತದ, ಖರೆ. ಆದ್ರ ರೈಬೋಸೋಮ್ (ಪ್ರೊಟೀನ್ ಕಟ್ಟೋ ಯಂತ್ರ), ಪ್ರೋಟಿಯಾಸೋಮ್ (ಬ್ಯಾಡಾದ ಪ್ರೊಟೀನ್ ಕತ್ತರಿಸೋ ಯಂತ್ರ) ಥರ ಹತ್ತಾರು ತುಂಡು ಕೂಡಿ ಆಗೋವು ಅವಲ್ಲ, ಅವುಗಳ ಪ್ರೊಟೀನ್ ಭಾಳ ಸಲ ವಾಪಸ್ 1ರ ಕಡೀಗೆ, ಅಂದ್ರ ಮಾಮೂಲಿ ಮಟ್ಟಕ್ಕ, ಇಳೀತದ.

ಇರ್ಫಾನ್: ಯಾಕಕ್ಕಾ? ಜೀನ್ ಮೂರೂ ಕೆಲಸ ಮಾಡ್ತಾವಲ್ಲ.

ಮಹಾದೇವಿ: ಮಾಡ್ತಾವ, ಮಾಲೂ ತಯಾರಾಗ್ತದ. ಬೀಸೋಕಲ್ಲಿನ ಮ್ಯಾಲಿನ ಕಲ್ಲು ಮೂರು, ಕೆಳಗಿಂದು ಎರಡೇ ಇದ್ರ ಮೂರನೇದು ಏನ್ ಬೀಸ್ತದ? ಜೋಡಿ ಸಿಗದ ತುಂಡಿಗೆ ಯುಬಿಕ್ವಿಟಿನ್ ("ಇದನ್ನ ಕತ್ತರಿಸು" ಅನ್ನೋ ಗುರುತು) ಹತ್ತಿ ಪ್ರೋಟಿಯಾಸೋಮಿಗೆ ಹೋಗ್ತದ.

ಇರ್ಫಾನ್: ಅದು ಅಳತಿ ದೋಷ ಇರಬಾರದ್ಯಾಕ? ಟಿಎಮ್‌ಟಿ (ಸ್ಯಾಂಪಲ್ ಗುರುತಿಸೋ ಲೇಬಲ್) ಹಚ್ಚಿ ಮಾಸ್ ಸ್ಪೆಕ್ (ಅಣುವಿನ ತೂಕ ನೋಡಿ ಅಳಿಯೋ ಮಶೀನು) ಮಾಡಿದ್ರ ಬ್ಯಾರೆ ಪೆಪ್ಟೈಡಿನ (ಪ್ರೊಟೀನ್ ಚೂರಿನ) ಸಿಗ್ನಲ್ ಬೆರೆತು ಅನುಪಾತ ತಾನೇ 1ರ ಕಡೀಗೆ ಜಾರ್ತದ.

ರೇವಣ್ಣ ಸರ್: ಜಾರ್ತದ, ಆದ್ರ ಎಲ್ಲಾ ಪ್ರೊಟೀನಿಗೂ ಜಾರ್ತದ. 2014ರ ಯೀಸ್ಟ್ ಅಧ್ಯಯನದಾಗ ಹೆಚ್ಚುವರಿ ಕ್ರೋಮೋಸೋಮಿನ ಸುಮಾರು 20% ಪ್ರೊಟೀನ್ ಮಾತ್ರ ತಗ್ಗಿದ್ವು, ಹೆಚ್ಚಿನವು ಇಂಥ ತುಂಡುಗಳೇ. ಮಶೀನು ಆರಿಸಿ ಆರಿಸಿ ತಪ್ಪು ಮಾಡಂಗಿಲ್ಲ.

ಇರ್ಫಾನ್: ಸರ್, ಪ್ರೊಟೀನ್ ಹಿಂಗ ತಗ್ಗೋದನ್ನ ಲ್ಯಾಬಿನಾಗ ಹೆಂಗ್ ಹಿಡೀಬೇಕು?

ರೇವಣ್ಣ ಸರ್: ಮೊದಲು ಕ್ಯಾರಿಯೋಟೈಪ್, ಅಂದ್ರ ಕ್ರೋಮೋಸೋಮ್ ಎಣಿಸೋದು. ವಿಭಜನೆ ನಡುವ ನಿಲ್ಲಸಾಕ ಕೋಲ್ಸೆಮಿಡ್, ಆಮ್ಯಾಲ ಸೆಲ್ ಉಬ್ಬಸಾಕ 0.075 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಇದ್ದಂಗ ಹಿಡಿದಿಡಾಕ 3:1 ಮೆಥನಾಲ್-ಅಸಿಟಿಕ್ ಆಸಿಡ್. ಕಮ್ಮಿ ಅಂದ್ರ 20 ಮೆಟಾಫೇಸ್ (ಕ್ರೋಮೋಸೋಮ್ ಬಿಡಿಬಿಡಿಯಾಗಿ ಕಾಣೋ ಹಂತದ ಸೆಲ್) ಎಣಿಸ್ರಿ. ಕಲ್ಚರಿನಾಗ ಆ ಮೂರನೇ ಕ್ರೋಮೋಸೋಮ್ ಉದುರತಿರ್ತದ. ಅರ್ಧ ಸೆಲ್ ಅದನ್ನ ಕಳ್ಕೊಂಡಿದ್ರ ಸರಾಸರಿ 1.25, ನೀವು "ಪ್ರೊಟೀನ್ ತಗ್ಗಿತು" ಅಂತ ಬರಕೋತೀರಿ. ಆಮ್ಯಾಲ ಮೂಲ ಸೆಲ್, ಕ್ರೋಮೋಸೋಮ್ ಹೆಚ್ಚಾದ ಸೆಲ್ ಎರಡಕ್ಕೂ ಎಮ್‌ಜಿ132 (ಪ್ರೋಟಿಯಾಸೋಮ್ ತಡೆಯೋ ಔಷಧ) 10 ಮೈಕ್ರೋಮೋಲಾರ್, 6 ತಾಸು. ತಗ್ಗಿದ್ದು ಮ್ಯಾಲೆದ್ರ ಕತ್ತರಿಸೋದೇ ಕಾರಣ. ರಾತ್ರಿಯಿಡೀ ಬಿಡಬ್ಯಾಡ್ರಿ, ಸೆಲ್ ಹೊಸಾ ಪ್ರೋಟಿಯಾಸೋಮ್ ಜೀನ್ ಎಬ್ಬಿಸ್ತದ, ಇಲ್ಲಾ ಸಾಯ್ತದ.

ಮಹಾದೇವಿ: ಲೋಡಿಂಗ್ ಕಂಟ್ರೋಲೂ (ಎರಡೂ ಸ್ಯಾಂಪಲ್ ಸಮ ಹಾಕೀವೇನು ಅಂತ ನೋಡೋ ಪ್ರೊಟೀನ್) ನೋಡ್ರಿ. ಅದಕ್ಕ ಬಳಸೋ ಬೀಟಾ ಆಕ್ಟಿನ್ ಜೀನ್ ಕ್ರೋಮೋಸೋಮ್ 7ರ ಮ್ಯಾಲ ಅದ, ಜಿಎಪಿಡಿಎಚ್ 12ರ ಮ್ಯಾಲ. 7 ಹೆಚ್ಚಾದ ಸೆಲ್ಲಿಗೆ ಆಕ್ಟಿನ್ ಹಚ್ಚಿದ್ರ ಕೂತ ಟೊಂಗಿ ಕಡದಂಗ. ಪೊನ್ಸೋ ಬಣ್ಣ ಹಚ್ಚಿ ಒಟ್ಟು ಪ್ರೊಟೀನ್ ಅಳೀರಿ.

ಶರಣು: ಹಂಗಾದ್ರ ಸೆಲ್ಲಿಗೆ ತ್ರಾಸೇ ಇಲ್ಲ?

ಮಹಾದೇವಿ: ಯಾಕಿಲ್ಲ! ಮಾಡಿ ಮಾಡಿ ಮುರಿಯೋದು ಪುಕ್ಕಟಿ ಅಲ್ಲೋ. ಚಾಪರೋನ್ (ಪ್ರೊಟೀನ್ ಸರಿಯಾಗಿ ಮಡಚಾಕ ನೆರವಾಗೋವು), ಪ್ರೋಟಿಯಾಸೋಮ್ ಎರಡರ ಮ್ಯಾಲೂ ಭಾರ ಬೀಳ್ತದ. ತಗ್ಗದ ಪ್ರೊಟೀನ್ ಬ್ಯಾರೆ ಹೆಚ್ಚೇ ಉಳೀತಾವ.

ಶರಣು: "ಎಲ್ಲಾ" ತೆಗೆದು "ಬಹಳಷ್ಟು" ಹಾಕ್ಲಿ?

ರೇವಣ್ಣ ಸರ್: ಹಾಕು. ಬಾಜೂಕ "ಮೂಲ 2 ಇದ್ದರೆ" ಅಂತನೂ ಬರಿ. ಹೀಲಾ ಸೆಲ್ಲಿನಾಗ (ಲ್ಯಾಬಿನಾಗ ಬೆಳೆಸೋ ಕ್ಯಾನ್ಸರ್ ಸೆಲ್) ಮೊದಲೇ ಹತ್ತಹತ್ರ ಮೂರು ಸೆಟ್ ಕ್ರೋಮೋಸೋಮ್ ಅವ. ಅಲ್ಲಿ 3 ಹೋಗಿ 4 ಆದ್ರ 1.33, ನಿನ್ನ 1.5 ಅಲ್ಲ.