ಊರಿನ ಹೆಸರು ಕಂಡರೆ ಯಾಕೆ ನಂಬಿಬಿಡ್ತೀವಿ? ನಮ್ಮ ಮಾವನ ಜೊತೆಗಿನ ಅನುಭವ

"ಜಿಲ್ಲೆಯ ಹೆಸರಿಟ್ಟುಕೊಂಡ ಒಂದು ನ್ಯೂಸ್ ವೆಬ್‌ಸೈಟ್ ಇದೆ, ಬರೀ ಸುಳ್ಳು, ಅಪ್ಪ ಅದನ್ನೇ ನಂಬಿ ಎಲ್ಲ ಗ್ರೂಪಿಗೂ ಕಳಿಸ್ತಾರೆ, ನೋವಾಗದ ಹಾಗೆ ಹೇಗೆ ಹೇಳೋದು" ಅಂತ ಕೇಳಿದ್ದೀರಿ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ ಮಾವ ತುಮಕೂರಿನಿಂದ ಬಂದಿದ್ದರು. ಒಂದು ದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಟ್ಯಾಬ್ ನನ್ನ ಕಡೆ ತಿರುಗಿಸಿದರು. ಕೆಬಿಎಸ್‌ಎಫ್ ಅನ್ನುವ ಸ್ಯಾನ್ ಫ್ರಾನ್ಸಿಸ್ಕೋ ಟಿವಿ ಚಾನೆಲ್‌ನ ಸುದ್ದಿ. ಕಮಲಾ ಹ್ಯಾರಿಸ್ 2011ರಲ್ಲಿ ಒಬ್ಬ ಹುಡುಗಿಗೆ ಕಾರು ಗುದ್ದಿಸಿ ನಿಲ್ಲಿಸದೆ ಹೋದರಂತೆ. ಆ ಹುಡುಗಿ ನಾನೇ ಅಂತ ಒಬ್ಬಳು ಮಾತಾಡುವ ವಿಡಿಯೋ ಬೇರೆ.

ನಾನೂ ಅರ್ಧ ನಂಬಿದೆ. ಯಾಕೆಂದರೆ ಇಲ್ಲಿನ ಅಸಲಿ ಚಾನೆಲ್‌ಗಳು ಕೆಟಿವಿಯು, ಕೆಪಿಐಎಕ್ಸ್, ಕೆಆರ್‌ಒಎನ್, ಎಲ್ಲ 'ಕೆ' ಅಕ್ಷರದಿಂದಲೇ ಶುರು. ಸುಳ್ಳು ಕಟ್ಟಿದವರಿಗೆ ಅಷ್ಟು ಚೆನ್ನಾಗಿ ಗೊತ್ತಿತ್ತು. ಆಮೇಲೆ ನೋಡಿದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಆ ಹೆಸರಿನ ಟಿವಿ ಚಾನೆಲ್ಲೇ ಇಲ್ಲ, ಸೈಟ್ ಹುಟ್ಟಿದ್ದು ಅದೇ ಆಗಸ್ಟ್‌ನಲ್ಲಿ, ಅಪಘಾತದ ಫೋಟೋ 2018ರಲ್ಲಿ ಗುವಾಮ್ ದ್ವೀಪದಲ್ಲಿ ತೆಗೆದದ್ದು. ಇದು ರಷ್ಯಾದ ಒಂದು ಗುಂಪಿನ ಕೆಲಸ ಅಂತ ಮೈಕ್ರೋಸಾಫ್ಟ್ ಹೇಳಿತು.

ನಾನು ಮಾಡಿದ ತಪ್ಪು ಕೇಳಿ. ರಾತ್ರಿ ಊಟಕ್ಕೆ ನೆಂಟರೆಲ್ಲ ಕೂತಿದ್ದಾಗ "ಮಾವ, ಅದು ಫೇಕ್" ಅಂದುಬಿಟ್ಟೆ. ಅವರು ತಟ್ಟೆ ನೋಡುತ್ತಾ ಸುಮ್ಮನಾದರು. ಎರಡು ದಿನ ನನ್ನ ಹತ್ತಿರ ಮಾತಿಲ್ಲ. ಮೂರನೇ ದಿನ ಅವರೇ ಹೇಳಿದ ಮಾತು ಇನ್ನೂ ನೆನಪಿದೆ: "ಹೆಸರಲ್ಲಿ ಊರಿದೆಯಲ್ಲಮ್ಮ, ಊರಿನವರು ಊರಿನ ಬಗ್ಗೆ ಸುಳ್ಳು ಬರೀತಾರಾ?"

ಅವರ ಪಾಲಿಗೆ ಪೇಪರ್ ಅಂದರೆ ಹೋಟೆಲಲ್ಲಿ ಎದುರು ಕೂತು ಟೀ ಕುಡಿಯುವ ವರದಿಗಾರ. ತಪ್ಪು ಬರೆದರೆ ಮಾರನೇ ದಿನ ಹಿಡಿದು ಕೇಳಬಹುದು. ಆ ನಂಬಿಕೆ ದಡ್ಡತನ ಅಲ್ಲ, ನಲವತ್ತು ವರ್ಷ ಪೇಪರ್ ಓದಿ ಬಂದದ್ದು. ಈ ಕಳ್ಳರು ಕದಿಯುವುದು ಅದನ್ನೇ. ಅಮೆರಿಕದಲ್ಲಿ 2005ರಿಂದ ಈಚೆಗೆ ಮೂರರಲ್ಲಿ ಒಂದಕ್ಕಿಂತ ಜಾಸ್ತಿ ಪತ್ರಿಕೆ ಮುಚ್ಚಿವೆ. ಆ ಖಾಲಿ ಜಾಗಕ್ಕೆ ಇಂಥ ನಕಲಿ ಸೈಟ್‌ಗಳು ಬಂದು ಕೂತಿವೆ. ನಮ್ಮವರೂ ಕಮ್ಮಿ ಇಲ್ಲ. 65 ದೇಶಗಳ ಊರಿನ ಪೇಪರ್ ಥರ ಕಾಣುವ 265 ನಕಲಿ ಸೈಟ್‌ಗಳು ದೆಹಲಿಯ ಒಂದು ಕಂಪನಿಗೆ ಸೇರಿದವು ಅಂತ 2019ರಲ್ಲಿ ಸುಳ್ಳು ಸುದ್ದಿಯ ಜಾಲ ಹುಡುಕುವ ಯುರೋಪಿನ ಸಂಸ್ಥೆ ಇಯು ಡಿಸ್‌ಇನ್ಫೋಲ್ಯಾಬ್ ಪತ್ತೆ ಮಾಡಿತು. ಅದರಲ್ಲಿ ಮ್ಯಾಂಚೆಸ್ಟರ್ ಟೈಮ್ಸ್ ಅಂತ ಒಂದು, ಯಾವತ್ತೋ ನಿಂತುಹೋದ ಪತ್ರಿಕೆಯ ಹೆಸರು.

ಆಮೇಲೆ ನಾನು ವಾದ ಬಿಟ್ಟೆ. ಪಕ್ಕದಲ್ಲಿ ಕೂತು "ಇವರ ಆಫೀಸ್ ಎಲ್ಲಿದೆ ನೋಡೋಣ ಮಾವ" ಅಂದೆ. 2016ರಲ್ಲಿ ಡೆನ್ವರ್ ಗಾರ್ಡಿಯನ್ ಅಂತ ಒಂದು ಸುಳ್ಳು ಪೇಪರ್ ಇತ್ತು, ಅದು ಕೊಟ್ಟಿದ್ದ ವಿಳಾಸದಲ್ಲಿ ಇದ್ದದ್ದು ಪಾರ್ಕಿಂಗ್ ಜಾಗದ ಒಂದು ಮರ. ಇದನ್ನು ಹೇಳಿದ್ದಕ್ಕೆ ಮಾವನೇ ಮ್ಯಾಪ್ ತೆಗೆದು ವಿಳಾಸ ಹುಡುಕೋದು ಕಲಿತರು.

ಇನ್ನೊಂದು ಉಪಾಯ ಅವರದ್ದೇ. ಊರಿನ ಅಸಲಿ ಪೇಪರ್‌ನಲ್ಲಿ ನಾಳೆ ಎಲ್ಲಿ ಕರೆಂಟ್ ಇರಲ್ಲ, ತಿಪಟೂರಲ್ಲಿ ಕೊಬ್ಬರಿ ರೇಟು ಎಷ್ಟು, ಯಾರು ತೀರಿಕೊಂಡರು, ಇಂಥ ಸಪ್ಪೆ ಸುದ್ದಿಯೇ ಜಾಸ್ತಿ ಅಲ್ವಾ? ನಕಲಿ ಸೈಟ್‌ನಲ್ಲಿ ಅದು ಸಿಗುವುದು ಕಷ್ಟ. ಈಗ ಲಿಂಕ್ ಬಂದರೆ ಮೊದಲು ಅದನ್ನೇ ಹುಡುಕುತ್ತಾರೆ. ನಾನು ಸುಳ್ಳು ಹೇಳಲ್ಲ, ಆದರೂ ಕೆಲವು ಸಲ ಅವರು ಫಾರ್ವರ್ಡ್ ಮಾಡ್ತಾರೆ. ಆಗ ಗ್ರೂಪಲ್ಲಿ ಏನೂ ಬರೆಯಲ್ಲ, ಫೋನ್ ಮಾಡ್ತೀನಿ.

ತುಮಕೂರಿನ ಒಂದು ಪೇಪರ್‌ನ ಇ-ಪೇಪರ್ ಹಾಕಿಸಿಕೊಟ್ಟೆ. ಅದು ಬಂದ ಮೇಲೆ ಸಿಕ್ಕ ಸಿಕ್ಕ ಸೈಟ್ ತಡಕೋದು ತಾನಾಗಿ ಕಮ್ಮಿಯಾಯಿತು. ನಿಮ್ಮ ತಂದೆ ಆ ಸೈಟ್‌ನಲ್ಲಿ ಏನು ಹುಡುಕ್ತಾರೆ, ಮಳೆ ಬೆಳೆಯಾ, ರಾಜಕೀಯವಾ, ಗೊತ್ತಾದರೆ ಬರೆಯಿರಿ, ಆ ಕಡೆಯ ಒಳ್ಳೆ ಪೇಪರ್ ಯಾವುದು ಅಂತ ಗೊತ್ತಿರುವವರು ಇಲ್ಲಿ ಯಾರಾದರೂ ಇರ್ತಾರೆ.