ಸಹಾಯ ಬೇಕು: ಹೆಲಿಕಾಪ್ಟರ್ ಇನ್‌ಸ್ಟ್ರುಮೆಂಟ್ ರೇಟಿಂಗ್ (ಐಆರ್) ಮತ್ತು ಟೈಪ್ ರೇಟಿಂಗ್, ಹೊರದೇಶದಲ್ಲಿ ಕಡಿಮೆ ಖರ್ಚಿಗೆ ಎಲ್ಲಿ?

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ನಮ್ಮ ವಿಮಾನಯಾನ ನಿಯಂತ್ರಕ ಡಿಜಿಸಿಎ ಕೊಟ್ಟ ಹೆಲಿಕಾಪ್ಟರ್ ಕಮರ್ಷಿಯಲ್ ಲೈಸೆನ್ಸ್ ಇದೆ. ಹಾರಿಸಿದ್ದೆಲ್ಲ ಒಂದೇ ಎಂಜಿನ್‌ನ ರಾಬಿನ್ಸನ್ ಆರ್44. ಮುಂಬೈ ಹೈ ಕಡೆ ಆಫ್‌ಶೋರ್ ಹಾರಾಟ (ಸಮುದ್ರದ ತೈಲಬಾವಿಗಳಿಗೆ) ಮಾಡಬೇಕೆಂಬ ಆಸೆ ತುಂಬಾ ಇದೆ. ಅದಕ್ಕೆ ಎರಡು ಎಂಜಿನ್‌ನ ಹೆಲಿಕಾಪ್ಟರ್‌ನ ಟೈಪ್ ರೇಟಿಂಗ್ (ಆ ಮಾದರಿ ಹಾರಿಸುವ ಅರ್ಹತೆ), ಜೊತೆಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದಾಗ ಉಪಕರಣ ನೋಡಿ ಹಾರಿಸುವ ಅರ್ಹತೆ) ಬೇಕು.

ಅಮೆರಿಕದಲ್ಲಿ ಪೈಲಟ್ ಲೈಸೆನ್ಸ್ ನಿಯಮ ಪಾರ್ಟ್ 61 ಪ್ರಕಾರ ಐಆರ್‌ಗೆ 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ ಆಗಬೇಕು. ಒಂದಷ್ಟು ಸಿಮ್ಯುಲೇಟರ್‌ನಲ್ಲೂ ಮಾಡಬಹುದು. ಚಿಕ್ಕದಾದ ರಾಬಿನ್ಸನ್ ಆರ್22 ಆದರೆ ಗಂಟೆಯ ಬಾಡಿಗೆ ಕಡಿಮೆ. ಆದರೆ ವೀಸಾ, ಅಲ್ಲಿನ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ ಅನುಮತಿ, ಉಳಿಯುವ ಖರ್ಚು ಎಲ್ಲ ಸೇರಿ ಎಷ್ಟಾಯಿತು ಅಂತ ಅಲ್ಲಿ ಕಲಿತವರು ಹೇಳಿದರೆ ದೊಡ್ಡ ಉಪಕಾರ.

ನನಗೆ ಜಾಸ್ತಿ ಚಿಂತೆ ಟೈಪ್‌ನದ್ದು. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ 12,500 ಪೌಂಡ್‌ಗಿಂತ ಭಾರದ ಹೆಲಿಕಾಪ್ಟರ್‌ಗೆ ಮಾತ್ರ ಟೈಪ್ ರೇಟಿಂಗ್ ಕೇಳುತ್ತದೆ. ಎರಡು ಎಂಜಿನ್‌ನ ಬೆಲ್ 412 ಅದಕ್ಕಿಂತ ಹಗುರ, ಹಾಗಾಗಿ ಅಲ್ಲಿ ಅದಕ್ಕೆ ಟೈಪ್ ರೇಟಿಂಗ್ ಕೇಳುವುದಿಲ್ಲ. ನಮ್ಮ ಲೈಸೆನ್ಸ್‌ನಲ್ಲಿ ಮಾತ್ರ 412 ಅಂತಲೇ ನಮೂದಾಗಬೇಕು ಅಲ್ವಾ? ಅಲ್ಲಿನ ಯಾವ ದಾಖಲೆ ತೋರಿಸಿ ಇಲ್ಲಿ ಸೇರಿಸಿಕೊಂಡಿರಿ?

ಐಆರ್ ಹೊರಗೆ ಮುಗಿಸಿ, 412 ಸಿಮ್ಯುಲೇಟರ್ ತರಬೇತಿಯನ್ನು ಬೆಂಗಳೂರಿನ ಹೆಲಿಕಾಪ್ಟರ್ ಸಿಮ್ಯುಲೇಟರ್ ಕೇಂದ್ರ ಹ್ಯಾಟ್ಸಾಫ್‌ನಲ್ಲೇ ಮಾಡಿದವರಿದ್ದರೆ ದಯವಿಟ್ಟು ತಿಳಿಸಿ. ಕೆನಡಾ, ದಕ್ಷಿಣ ಆಫ್ರಿಕಾದಲ್ಲಿ ಕಲಿತವರ ಲೆಕ್ಕವೂ ಬೇಕು. ಮನೆಯವರು ಸಾಲಕ್ಕೆ ಸಹಿ ಹಾಕುವ ಮೊದಲು ಸರಿಯಾದ ಮೊತ್ತ ಅವರ ಮುಂದಿಡಬೇಕು.