ರಾಜೀನಾಮೆ ಬರೆದುಕೊಡಿ ಎನ್ನುತ್ತಿದ್ದಾರೆ, ಸಹಿ ಹಾಕಬಹುದೇ?

ಮಂಡ್ಯದ ಆಪರೇಟರ್:
ಎಲ್ಲರಿಗೂ ನಮಸ್ಕಾರ. ನನ್ನ ಊರು ಮಂಡ್ಯದ ಪಕ್ಕ. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಸಿಎನ್‌ಸಿ ಆಪರೇಟರ್ ಆಗಿದ್ದೇನೆ. ಗುತ್ತಿಗೆಯಲ್ಲ, ಕಾಯಂ. ಸೇರಿ ಆರು ವರ್ಷ ಎಂಟು ತಿಂಗಳಾಯಿತು. ಒಟ್ಟು ಸಂಬಳ 19,500; ಅದರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 15,600.

ಆರ್ಡರ್ ಇಲ್ಲವೆಂದು ಎಂಬತ್ತು ಜನರಲ್ಲಿ ಹನ್ನೊಂದು ಮಂದಿಯನ್ನು ಬಿಡಿಸುತ್ತಿದ್ದಾರೆ. ಒಬ್ಬೊಬ್ಬರನ್ನೇ ಒಳಗೆ ಕರೆದು ಮೊದಲೇ ಟೈಪ್ ಮಾಡಿಟ್ಟ ಹಾಳೆ ಕೊಟ್ಟರು. ‘ವೈಯಕ್ತಿಕ ಕಾರಣಗಳಿಂದ ರಾಜೀನಾಮೆ ನೀಡುತ್ತಿದ್ದೇನೆ’ ಎಂದಿದೆ. ತಾರೀಖಿನ ಜಾಗ ಮಾತ್ರ ಖಾಲಿ. ಸಹಿ ಹಾಕಿದರೆ ಎರಡು ತಿಂಗಳ ಸಂಬಳ 39,000 ಕೊಟ್ಟು ಎಲ್ಲ ಚುಕ್ತಾ ಅಂತೆ. ಜನವರಿ 31 ಕೊನೆಯ ದಿನ. ನನ್ನ ನಂತರ ಸೇರಿದ ಇಬ್ಬರು ಆಪರೇಟರುಗಳು ಉಳಿದುಕೊಂಡಿದ್ದಾರೆ. ಅಪ್ಪನ ಮಂಡಿಯ ಆಪರೇಷನ್ ಇಎಸ್‌ಐ ಮೂಲಕ ಏಪ್ರಿಲ್‌ನಲ್ಲಿ ಆಗಬೇಕು, ಅದೇ ದೊಡ್ಡ ಚಿಂತೆ. ತಿಳಿದವರು ಹೇಳಿ.

ನಿವೃತ್ತ ಟೈಮ್ ಆಫೀಸ್:
ತಮ್ಮಾ, ಆ ಹಾಳೆಗೆ ಸಹಿ ಹಾಕಬೇಡಿ. ಕೆಲಸದಿಂದ ತೆಗೆಯುತ್ತಿರುವವರು ಅವರು, ರಾಜೀನಾಮೆ ನೀವೇಕೆ ಕೊಡಬೇಕು? ಇಂಥ ಹಾಳೆಗಳನ್ನು ಫೈಲ್ ಮಾಡಿಯೇ ನನ್ನ ಕೂದಲು ನರೆಯಿತು.

ಲೆಕ್ಕ ನೋಡಿ. ಐದು ವರ್ಷ ದಾಟಿದ್ದರಿಂದ ಗ್ರಾಚ್ಯುಟಿ (ಸೇವೆಯ ವರ್ಷಗಳಿಗೆ ಸಿಗುವ ಇಡಿಗಂಟು) ಹೇಗೂ ನಿಮ್ಮದೇ, ರಾಜೀನಾಮೆ ಕೊಟ್ಟರೂ ಕೊಡಲೇಬೇಕು. 15,600ನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದರೆ ವರ್ಷಕ್ಕೆ 9,000. ಆರು ತಿಂಗಳಿಗಿಂತ ಹೆಚ್ಚಿನ ತುಂಡು ಒಂದು ವರ್ಷವಾಗುತ್ತದೆ, ಆದ್ದರಿಂದ ನಿಮಗೆ ಏಳು ವರ್ಷ: 63,000. 39,000ಕ್ಕೆ ‘ಎಲ್ಲ ಚುಕ್ತಾ’ ಎನ್ನುವವರ ಧೈರ್ಯ ಮೆಚ್ಚಬೇಕು!

ಅವರೇ ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಆಗ ವರ್ಷಕ್ಕೆ ಹದಿನೈದು ದಿನದ ಸರಾಸರಿ ಸಂಬಳದಂತೆ ಪರಿಹಾರ, ನಿಮಗೆ ಹತ್ತಿರ ಹತ್ತಿರ 68,000. ಅದರ ಮೇಲೆ ಒಂದು ತಿಂಗಳ ಲಿಖಿತ ನೋಟಿಸ್, ಇಲ್ಲವೇ ಆ ತಿಂಗಳ ಸಂಬಳ. ಬಾಯಿಮಾತಿನಲ್ಲಿ ಹೇಳಿದ್ದು ನೋಟಿಸ್ ಅಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ 2025ರ ನವೆಂಬರ್ 21ರಿಂದ ಜಾರಿಯಾದ ಹೊಸ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಇದು ಹೀಗೆಯೇ ಇದೆ. ಹೊಸದರಲ್ಲಿ ಕೌಶಲ ನಿಧಿಗೆಂದು ಮಾಲೀಕರು ಇನ್ನೂ ಹದಿನೈದು ದಿನದ ಸಂಬಳ ಕಟ್ಟಬೇಕು, ಅದು ನಿಮ್ಮ ಖಾತೆಗೆ ಬರಬೇಕು.

ಒಂದೇ ವರ್ಗದ ಕೆಲಸಗಾರರಲ್ಲಿ ಕೊನೆಗೆ ಬಂದವನು ಮೊದಲು ಹೋಗಬೇಕು ಎಂಬುದು ನಿಯಮ. ಮುರಿದರೆ ಕಾರಣವನ್ನು ದಾಖಲಿಸಬೇಕು. ಆ ಇಬ್ಬರ ಸೇರಿದ ತಾರೀಖು ಬರೆದಿಟ್ಟುಕೊಳ್ಳಿ.

ಹೂಟಗಳ್ಳಿ ಗೌಡ:
ಹಿರಿಯರು ಹೇಳಿದ್ದು ಪುಸ್ತಕದಲ್ಲಿ ಸರಿ. ಕೇಸು ಹಾಕಿ ವರ್ಷಗಟ್ಟಲೆ ಅಲೆದವರನ್ನು ನಾನು ಕಂಡಿದ್ದೇನೆ. ಮನೆ ಬಾಡಿಗೆ ಕೋರ್ಟ್ ತಾರೀಖಿಗೆ ಕಾಯುವುದಿಲ್ಲ. ಮೂರು ತಿಂಗಳ ಸಂಬಳಕ್ಕೆ ಚೌಕಾಸಿ ಮಾಡಿ ಹೊರಬನ್ನಿ, ಮೆಷಿನ್ ಗೊತ್ತಿರುವವರಿಗೆ ಕೆಲಸ ಸಿಗುತ್ತದೆ.

ನಿವೃತ್ತ ಟೈಮ್ ಆಫೀಸ್:
ಗೌಡರೇ, ಚೌಕಾಸಿಗೆ ನನ್ನ ವಿರೋಧವಿಲ್ಲ, ಆದರೆ ಅದು ಗ್ರಾಚ್ಯುಟಿ, ಪರಿಹಾರ, ನೋಟಿಸ್ ತಿಂಗಳ ಸಂಬಳ ಸೇರಿದ ಒಂದೂವರೆ ಲಕ್ಷದಿಂದ ಶುರುವಾಗಲಿ. ಕೋರ್ಟ್‌ಗೆ ಮೊದಲು ಕಾರ್ಮಿಕ ಇಲಾಖೆಯ ರಾಜಿ ಸಂಧಾನವಿದೆ. ಹನ್ನೊಂದು ಮಂದಿ ಒಂದೇ ಅರ್ಜಿಗೆ ಸಹಿ ಮಾಡಿ ಹೋದರೆ ಮಾಲೀಕರ ಧ್ವನಿಯೇ ಬೇರೆಯಾಗುತ್ತದೆ. ಒಬ್ಬೊಬ್ಬರನ್ನೇ ಒಳಗೆ ಕರೆಯುವುದು ಏಕೆಂದುಕೊಂಡಿರಿ?

ಇಎಸ್‌ಐ ಅಕ್ಕ:
ಅಪ್ಪನ ವಿಷಯ ಹೇಳುತ್ತೇನೆ. ಕೆಲಸ ಹೋದ ದಿನವೇ ಇಎಸ್‌ಐ ಕಾರ್ಡ್ ಸಾಯುವುದಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ ವಂತಿಗೆಗೆ ಜನವರಿಯಿಂದ ಜೂನ್‌ವರೆಗೆ ಚಿಕಿತ್ಸೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ ಜುಲೈಯಿಂದ ಡಿಸೆಂಬರ್‌ವರೆಗೆ. ನೀವು ಜನವರಿ ಕೊನೆಯವರೆಗೆ ಹಾಜರಿದ್ದರೆ ಎರಡೂ ಸಿಗುತ್ತವೆ, ಏಪ್ರಿಲ್‌ನ ಆಪರೇಷನ್‌ಗೆ ತೊಂದರೆಯಿಲ್ಲ. ವಂತಿಗೆ ಜಮೆಯಾಗಿದೆಯೇ ಎಂದು ಇಎಸ್‌ಐ ಪೋರ್ಟಲ್‌ನಲ್ಲಿ ಇವತ್ತೇ ನೋಡಿ. ಸಂಬಳದ ಚೀಟಿಯಲ್ಲಿ ಕಡಿತ ಕಂಡರೆ ಸಾಲದು.

ಇನ್ನೊಂದು ಮುಖ್ಯ ಮಾತು. ರಿಟ್ರೆಂಚ್‌ಮೆಂಟ್ ಎಂದು ಪತ್ರದಲ್ಲಿದ್ದರೆ ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆಗೆ ಅರ್ಜಿ ಹಾಕಬಹುದು. ಎರಡು ವರ್ಷದ ವಂತಿಗೆ ಇದ್ದವರಿಗೆ ಮೊದಲ ಹನ್ನೆರಡು ತಿಂಗಳು ದಿನಗೂಲಿಯ ಅರ್ಧ, ನಂತರದ ಹನ್ನೆರಡು ತಿಂಗಳು ಕಾಲುಭಾಗ. ನಿಮ್ಮ ಲೆಕ್ಕದಲ್ಲಿ ಶುರುವಿನಲ್ಲಿ ದಿನಕ್ಕೆ ಸುಮಾರು 325 ರೂಪಾಯಿ. ಬೇರೆ ಕೆಲಸ ಸಿಕ್ಕಿದ ಕೂಡಲೇ ನಿಲ್ಲುತ್ತದೆ. ‘ವೈಯಕ್ತಿಕ ಕಾರಣ’ ಎಂದು ಬರೆದುಕೊಟ್ಟವರಿಗೆ ಈ ಬಾಗಿಲು ಮುಚ್ಚಿದಂತೆಯೇ.

ಮಂಡ್ಯದ ಆಪರೇಟರ್:
ಅಕ್ಕ, ಅಣ್ಣಂದಿರೇ, ತುಂಬಾ ಉಪಕಾರವಾಯಿತು. ಪೋರ್ಟಲ್‌ನಲ್ಲಿ ನವೆಂಬರ್‌ವರೆಗಿನ ವಂತಿಗೆ ಕಾಣುತ್ತಿದೆ. ಹನ್ನೊಂದರಲ್ಲಿ ನಾಲ್ವರು ಆಗಲೇ ಸಹಿ ಹಾಕಿಬಿಟ್ಟಿದ್ದಾರೆ, ಉಳಿದವರು ನಾಳೆ ಶಿಫ್ಟ್ ಮುಗಿದ ಮೇಲೆ ಸೇರುತ್ತೇವೆ. ಯುವನಿಧಿ ನಮಗೆ ಬರುತ್ತದೆಯೇ? ಪಿಎಫ್ ಪೂರ್ತಿ ತೆಗೆಯಲೇ?

ನಿವೃತ್ತ ಟೈಮ್ ಆಫೀಸ್:
ಯುವನಿಧಿ ಹೊಸದಾಗಿ ಪದವಿ, ಡಿಪ್ಲೊಮಾ ಮುಗಿಸಿದವರಿಗೆ, ಅದನ್ನು ಬಿಡಿ. ಪಿಎಫ್ ಹಣ ಬೇಕಾದರೆ ಬೇಕಾದಷ್ಟು ಮಾತ್ರ ತೆಗೆಯಿರಿ, ಪಿಂಚಣಿಯ ಭಾಗವನ್ನು ಮುಟ್ಟಬೇಡಿ. ಅದಕ್ಕೆ ಸ್ಕೀಮ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು, ಈ ಆರೂವರೆ ವರ್ಷವನ್ನು ಮುಂದಿನ ಕೆಲಸದ ಸೇವೆಯ ಜೊತೆ ಕೂಡಿಸಿಕೊಳ್ಳಬಹುದು. ಪಿಎಫ್ ಖಾತೆಯಲ್ಲಿ ಕಂಪನಿಯವರು ಬಿಟ್ಟ ಕಾರಣವನ್ನು ಏನೆಂದು ತುಂಬಿದ್ದಾರೆ ಎಂದೂ ಒಮ್ಮೆ ನೋಡಿ. ಸಹಿ ಹಾಕಿದ ಆ ನಾಲ್ವರನ್ನೂ ನಾಳೆಯ ಸಭೆಗೆ ಕರೆಯಿರಿ. ಒತ್ತಾಯದಿಂದ ಬರೆಸಿಕೊಂಡರು, ರಾಜೀನಾಮೆ ಹಿಂದಕ್ಕೆ ಪಡೆಯುತ್ತೇವೆ ಎಂದು ಅವರು ಕೊನೆಯ ದಿನದೊಳಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಪ್ರತಿಯನ್ನು ಲೇಬರ್ ಆಫೀಸಿಗೆ ಕೊಡಲಿ.